ಹಿತ್ತಲ ಗಿಡ

ಹಿತ್ತಲ ಹುಲ್ಲಿನಲ್ಲಿ ಡ್ಯಾಂಡಲಯನ್ ಕಳೆ ಕೀಳುವಾಗ ಬೆರಳಿಗಂಟುವ ಹಾಲಿನ ವಾಸನೆ ಈಗಲೂ ನನಗೆ ಯುಗಾದಿಯ ವಾಸನೆ.

ಆಗ ಅಮೆರಿಕದ ವುಡ್‌ರಿಡ್ಜ್‌ನ ನಮ್ಮ ಬಡಾವಣೆಯಲ್ಲಿ ಕನ್ನಡದವರ ಮನೆ ನಾಲ್ಕೇ. ಹಬ್ಬಕ್ಕೆ ಎಲ್ಲರೂ ನಮ್ಮ ಬೇಸ್‌ಮೆಂಟಿನಲ್ಲಿ ಸೇರಿದ್ದರು. ಬೇವು ಎಲ್ಲೂ ಸಿಕ್ಕಿರಲಿಲ್ಲ. ಹಿಂದಿನ ವಾರವಷ್ಟೇ ಅಪ್ಪನ ಕೆಲಸ ಹೋಗಿತ್ತು.

“ಈ ಸಲ ಬರೀ ಬೆಲ್ಲ ಸಾಕು ಬಿಡಿ, ಕಹಿ ಆಗ್ಲೇ ತಿಂದಾಗಿದೆ,” ಎಂದರು ಎದುರುಮನೆ ಅಂಕಲ್.

ಅಮ್ಮ ರೇಷ್ಮೆ ಸೀರೆಯ ಮೇಲೆ ಅಪ್ಪನ ಜಾಕೆಟ್ ಹಾಕಿಕೊಂಡು ಹಿತ್ತಲಿಗೆ ನಡೆದಳು. ಕರಗುತ್ತಿದ್ದ ಹಿಮದ ಅಂಚಿನಿಂದ ಡ್ಯಾಂಡಲಯನ್ನಿನ ಎಳೆಯ ಕಹಿ ಎಲೆ ಕಿತ್ತು ತಂದು, ತೊಳೆದು, ಬೆಲ್ಲದ ಜೊತೆ ಕುಟ್ಟಿದಳು.

“ಅಮ್ಮ, ದಟ್ಸ್ ಎ ವೀಡ್,” ಎಂದೆ.

“ಹೌದು. ಎಷ್ಟು ಕಿತ್ರೂ ಮತ್ತೆ ಬರತ್ತೆ,” ಎನ್ನುತ್ತಾ ಮೊದಲ ಉಂಡೆಯನ್ನು ಅಪ್ಪನ ಅಂಗೈಗಿಟ್ಟಳು.

ಅಪ್ಪ ನಿಧಾನವಾಗಿ ಅಗಿದು ನುಂಗಿದ. ಆಮೇಲೆ ಮತ್ತೆ ಕೈ ಚಾಚಿದ.