ಅಕ್ಕನ ಬಾಗಿಲಿಗೆ ಹೋದ ಗಾಡಿ

ಹೊರಗಿನ ಗಾಳಿ ಉಸಿರಾಡಲು ಬಾರದಂತಾಗಿ ಒಂಬತ್ತು ವರ್ಷವಾಯಿತು. ಓಣಿಯಲ್ಲಿ ಈಗ ರಿಮೋಟ್ ಗಾಡಿಗಳಷ್ಟೇ ಓಡಾಡುತ್ತವೆ. ಎದುರು ಮನೆಯಲ್ಲಿ ಒಬ್ಬಳೇ ಇರುವ ಅಕ್ಕನಿಗೆ ಜ್ವರ ಬಂದಾಗ ನಾನೂ ಒಂದು ಕಟ್ಟಿದೆ.

ರೇಡಿಯೊ ರಿಪೇರಿಯ ದಸ್ತಗೀರಣ್ಣ ಗೋಡೆಯಾಚೆಯಿಂದಲೇ ಹೇಳಿಕೊಟ್ಟ. "ಮೊದಲ ರಿಮೋಟ್ ಚಾಲೂ ಮಾಡವಾ, ಆಮ್ಯಾಲೆ ಗಾಡಿ. ಬಂದ್ ಮಾಡುವಾಗ ಗಾಡಿ ಮೊದಲ. ಉಲ್ಟಾ ಮಾಡಿದ್ರ ನಿನ್ನ ಕುದುರಿ ಗಟಾರಕ್ಕ ಓಡ್ತದ."

"ಗಾಡಿ ಅಕ್ಕನ ಹಂತ್ಯಾಕ ಇರ್ತದಲ್ಲಣ್ಣ?"

"ಅಕಿ ಬಂದ್ ಮಾಡ್ತಾಳ. ಅಲ್ಲೀತನಕ ನೀ ತಡಿ."

ಬೆಳಿಗ್ಗೆ ನನ್ನ ಗಾಡಿ ಗುಳಿಗೆ ಹೊತ್ತು ಅಕ್ಕನ ಬಾಗಿಲ ಕಿಂಡಿಯಲ್ಲಿ ನಿಂತಿತು. ಗಾಡಿ ಚಾಲೂ ಇರುವತನಕ ಉರಿಯುವ ಅದರ ಕೆಂಪು ದೀಪ ನನ್ನ ಕಿಟಕಿಗೆ ಕಾಣುತ್ತದೆ.

ಸಂಜೆಯಾದರೂ ದೀಪ ಆರಲಿಲ್ಲ.

"ಸೆಲ್ ತೀರತಾವ, ರಿಮೋಟ್ ಬಂದ್ ಮಾಡವಾ" ಎಂದ ದಸ್ತಗೀರಣ್ಣ, ಮೆಲ್ಲಗೆ.

"ಅಕ್ಕ ಇನ್ನೂ ಗಾಡಿ ಬಂದ್ ಮಾಡಿಲ್ಲಣ್ಣ" ಎಂದೆ.