ಸಂಜೆಯ ನೂಕುನುಗ್ಗಲು

ಜನ ಒತ್ತಾಗಿ ನಿಂತರೆ ಒಬ್ಬರ ಮನಸ್ಸು ಇನ್ನೊಬ್ಬರಿಗೆ ಹರಿಯುವ, ದೂರ ಸರಿದರೆ ಅವರವರದು ಅವರವರಿಗೆ ಮರಳುವ ಕಾಲವದು. ಅದಕ್ಕೇ ದಾವಣಗೆರೆಯ ದೊಡ್ಡ ಅಂಗಡಿಯಲ್ಲಿ ಸಾವು ಕಂಡ ಮನೆಯವರಿಗೆಂದು ಬೆಳಗಿನ ಖಾಲಿ ಹೊತ್ತನ್ನು ಬಿಟ್ಟಿದ್ದರು. ಗಂಡ ಲಿಂಗೈಕ್ಯನಾದಂದಿನಿಂದ ಒಬ್ಬಳೇ ಅತ್ತು ದಣಿದಿದ್ದ ನೀಲಾಂಬಿಕಮ್ಮ ಮಾತ್ರ ವಿಭೂತಿ ಕೊಳ್ಳುವ ನೆಪದಲ್ಲಿ ಸಂಜೆಯ ನೂಕುನುಗ್ಗಲಿಗೇ ಹೋದಳು. ಎದೆಯ ಭಾರ ಒಂದು ಗಳಿಗೆಯಾದರೂ ಇಳಿದರೆ ಅವಳಿಗೆ ಸಾಕಾಗಿತ್ತು.

ಇಳಿಯಿತು. ಪಕ್ಕದಲ್ಲಿ ಬಳೆ ಆರಿಸುತ್ತಿದ್ದ ಮದುಮಗಳು ಇದ್ದಕ್ಕಿದ್ದಂತೆ ಬಿಕ್ಕತೊಡಗಿದಳು. ಅವಳ ಹಿಗ್ಗು ನೀಲಾಂಬಿಕಮ್ಮನ ತುಟಿಯಲ್ಲಿ ನಗುವಾಯಿತು.

“ಮದುವಿ ಸಾಮಾನಿಗೆ ಬಂದ್ರೆ ಅಳು ಹಚ್ಚಿ ಕಳಿಸ್ತೀರಲ್ಲಪ್ಪ! ಇನ್ನೊಮ್ಮಿ ನಿಮ್ಮ ಅಂಗಡಿ ಮೆಟ್ಲು ಹತ್ತಿದ್ರೆ ಕೇಳು,” ಎಂದು ಮದುಮಗಳ ತಾಯಿ ಕೂಗಾಡಿದಳು.

ಅಂಗಡಿಯ ಕೊಟ್ರೇಶಪ್ಪ ಓಡಿಬಂದು ನೀಲಾಂಬಿಕಮ್ಮನಿಗೆ ಕೈಮುಗಿದ. “ಅವ್ವಾರೆ, ನಿಮ್ಮ ಹೊತ್ತು ಬೆಳಗ್ಗೆ ಐತಲ್ರಿ. ಹಿಂಗಾದ್ರೆ ಗಿರಾಕಿ ತಿರುಗಿ ಯಾರು ಬರ್ತಾರ್ರಿ?”

“ತಪ್ಪಾತಪ್ಪ,” ಎಂದಳು ನೀಲಾಂಬಿಕಮ್ಮ. ಗಂಡನನ್ನು ನೆನೆದು ಕಣ್ಣು ಮುಚ್ಚಿದಳು. ಅವನ ಮುಖವೇ ಕಾಣಲಿಲ್ಲ. ಗಾಬರಿಯಿಂದ ಜನರನ್ನು ಸರಿಸಿಕೊಂಡು ಹೊರಗೆ ಬಂದಳು.

ಖಾಲಿ ಓಣಿಯಲ್ಲಿ ನಡೆಯುತ್ತಿದ್ದಂತೆ ಭಾರ ಮೆಲ್ಲಗೆ ಮರಳಿತು, ಅದರೊಡನೆ ಆ ಮುಖವೂ. ಕಣ್ಣು ತುಂಬಿ ದಾರಿ ಮಸುಕಾಯಿತು. “ಇದನ್ನಿನ್ನು ಯಾರಿಗೂ ಕೊಡಂಗಿಲ್ಲ, ಶಿವನೇ,” ಎಂದು ಅವಳು ಕೈಮುಗಿದಳು.