ಇರುವೆ ಮುಟ್ಟದ ರಾಗಿ

ಸಿಪ್ಪೆ ಬಿಡಿಸಲೆಂದು ಲಂಟಾನ ಕಡ್ಡಿ ಬೇಯಿಸಿದ್ದ ನೀರು ಡ್ರಮ್ಮಿನಲ್ಲಿ ತಣ್ಣಗಾಗಿತ್ತು. ಮಾದ ಅದರಿಂದ ಒಂದು ಬೋಸಿ ಮೊಗೆದು, ಅಕ್ಕ ಚಿಕ್ಕಮಾದಿಯ ಮೂರು ಹಿಡಿ ಬಿತ್ತನೆ ರಾಗಿಯನ್ನು ಅದಕ್ಕೆ ಸುರಿದೇಬಿಟ್ಟ.

ಮಾದನೆಂದರೆ ಸಾಮಾನ್ಯನಲ್ಲ. ಎನ್. ಬೇಗೂರಿನ ಸುತ್ತಲಿನ ಗಿರಿಜನ ಹಾಡಿಗಳಲ್ಲಿ ಅವನಂತೆ ಲಂಟಾನ ಕುರ್ಚಿ ಹೆಣೆಯುವವನು ಹುಟ್ಟಿಲ್ಲ, ಹುಟ್ಟುವುದೂ ಇಲ್ಲ. ಅದರಲ್ಲಿ ಆನೆ ಕೂತು ಒಂದು ನಿದ್ದೆ ತೆಗೆದು ಎದ್ದು ಹೋದರೂ ಕಾಲು ಅಲುಗದು. ರಾಗಿಯೂ ಅಷ್ಟೇ. ಸರಗೂರು ಸಂತೆಗೆ ಸಾವಿರ ಲಾರಿ ರಾಗಿ ಬಂದರೂ ಈ ಕರಿ ರಾಗಿಯ ಒಂದು ಕಾಳು ಸಿಗದು. ಕಾಡೊಳಗಿನ ಹಳೇ ಹಾಡಿ ಬಿಟ್ಟು ಬಂದ ದಿನ ಅವರವ್ವ ಸೆರಗಿನಲ್ಲಿ ಗಂಟು ಹಾಕಿ ತಂದ ಬೀಜ ಅದು. ಅವ್ವ ಹೋದಳು. ಹೋದ ವರ್ಷ ಬಿತ್ತಿದ್ದನ್ನು ಇರುವೆಗಳು ಮೆರವಣಿಗೆ ಕಟ್ಟಿ ಹೊತ್ತೊಯ್ದವು. ಉಳಿದದ್ದು ಈ ಮೂರು ಹಿಡಿ.

"ಏನ್ಲಾ ಮಾಡ್ದೆ?" ಚಿಕ್ಕಮಾದಿ ಓಡಿ ಬಂದಳು.

"ಸುಮ್ಕಿರಕ್ಕ. ಇದ್ರ ವಾಸ್ನೆಗೆ ಉಲಿನೂ ಓಡೋಯ್ತದೆ, ಇರ್ವೆ ಯಾವ ಲೆಕ್ಕ? ಒಂದೇ ಒಂದಿರ್ವೆ ಮುಟ್ಟುದ್ರೂ ಮೀಸೆ ಬೋಳಿಸ್ಕತೀನಿ."

"ನಿಂಗೆಲ್ಲದ್ಲಾ ಮೀಸೆ?"

ಇಬ್ಬರೂ ನಕ್ಕರು. ಮರುದಿನ ಸಸಿ ಪಾತಿಗೆ ಬಿತ್ತಿದರು. ಡ್ರಮ್ಮಿನಲ್ಲಿ ಮಿಕ್ಕ ನೀರನ್ನೂ ಮಾದ ಬಿಡದೆ ಮೂರು ದಿನ ಪಾತಿಗೇ ಚೆಲ್ಲಿದ.

ಐದು ದಿನವಾಯಿತು. ಎಂಟಾಯಿತು. ಪಕ್ಕದ ಬೆಟ್ಟಸ್ವಾಮಿಯ ಪಾತಿಯಲ್ಲಿ ರಾಗಿ ಪೈರು ಕಣ್ಣು ಕುಕ್ಕುವಷ್ಟು ಹಸುರಾಗಿ ಎದ್ದಿತು. ಇವರದು ಬೋಳು.

ಹನ್ನೆರಡನೆಯ ದಿನ ಚಿಕ್ಕಮಾದಿ ಪಾತಿಯ ಅಂಚಿನಲ್ಲಿ ಕುಕ್ಕರಿಸಿದಳು. "ಉಟ್ಟಿದಾಗಿಂದ ಲಂಟಾನ ಕಡೀತಿದ್ದೀಯಲ್ಲ, ಅದರ ಬುಡದಲ್ಲಿ ಒಂದು ಗರಿಕೆ ಉಟ್ಟಿದ್ದ ಕಂಡಿದ್ದೀಯೇನ್ಲಾ?"

ಲಂಟಾನದ ರಸ ಬಿದ್ದಲ್ಲಿ ಬೇರೆ ಬೀಜ ಮೊಳೆಯದೆಂಬುದು ಮಾದನ ಮಚ್ಚಿಗೂ ಗೊತ್ತಿತ್ತು. ಅವನಿಗೆ ಮಾತ್ರ ಹೊಳೆದಿರಲಿಲ್ಲ.

"ಇನ್ನೆಲ್ಡು ದಿನ ನೋಡವ, ಅಕ್ಕ..."

ಅವಳು ಒಂದು ಹಿಡಿ ಮಣ್ಣು ತೆಗೆದು, ಅಂಗೈಯಲ್ಲಿ ಉಜ್ಜಿ ಊದಿದಳು. ಮಣ್ಣು ಉದುರಿ ಕರಿ ಕಾಳುಗಳು ಉಳಿದವು, ಬಿತ್ತಿದ ದಿನ ಇದ್ದ ಹಾಗೇ, ಇಡಿಯಾಗಿ.

"ನೀನೇಳಿದ್ದು ದಿಟ ಕಣ್ಲಾ," ಎಂದಳು. "ಒಂದಿರ್ವೆನೂ ಮುಟ್ಟಿಲ್ಲ."